ಅತ್ತಿಯ ಇಲ್ಲದ ಪಂಚರ್

ಸೈಕಲ್ಲಿಗೆ ಗಾಳಿ ಹಾಕಿಸುವವರನ್ನು ನೀವು ನೋಡಿರುತ್ತೀರಿ. ಕಂಡವರ ಸೈಕಲ್ಲಿನ ಗಾಳಿ ಬಿಟ್ಟು ಓಡಿಹೋಗುವ ಪೋಕರಿಗಳನ್ನೂ ನೋಡಿರುತ್ತೀರಿ. ನೀವೇ ಅಂಥವರಾಗಿದ್ದರೂ ನಾನೇನು ಯಾರಿಗೂ ಹೇಳುವುದಿಲ್ಲ, ಬಿಡ್ರಿ. ಆದರೆ ತನ್ನ ಸ್ವಂತ ಸೈಕಲ್ಲಿನ, ಕಲ್ಲಿನಂತೆ ಬಿಗಿಯಾಗಿರುವ ಚಕ್ರದ ಗಾಳಿಯನ್ನು, ಊರಿಲ್ಲದ ಕೇರಿಯಿಲ್ಲದ ಬಯಲಿನಲ್ಲಿ, ತಲೆಯ ಮೇಲೆ ಮೋಡ ಗುಡುಗುತ್ತಿರುವಾಗ, ಆಚೀಚೆ ನೋಡಿ ಕಳ್ಳರ ಹಾಗೆ ತಾನೇ ಬಿಡುವವರನ್ನು ಎಲ್ಲಾದರೂ ನೋಡಿದ್ದೀರಾ? ಬಳ್ಳಾರಿ ಜಿಲ್ಲೆಗೆಲ್ಲ ಅಂಥವಳು ಒಬ್ಬಳೇ. ಆಕಿ ನಮ್ಮ ಅತ್ತಿ!

ಅತ್ತಿ ಅಂದರೆ ನಮ್ಮಪ್ಪನ ಅಕ್ಕ. ಕಂಟೋನ್ಮೆಂಟಿನಲ್ಲಿ ನಮ್ಮ ಮನೆಯ ಹಿಂದಿನ ಎರಡು ಕೋಣೆಯೇ ಆಕಿಯ ಸಾಮ್ರಾಜ್ಯ. ಹೆಣ್ಣುಮಕ್ಕಳ ಸಾಲಿಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ರಿಟೈರ್ ಆದವಳು. ಏಕಾದಶಿ ದಿನ ನೀರೂ ಮುಟ್ಟದ, ಈರುಳ್ಳಿ ಅಂದರೆ ಮೂಗು ಮುಚ್ಚುವ ಆಚಾರದ ಹೆಂಗಸು. ಮದುವೆಯಾಗಲಿಲ್ಲ. "ನಮ್ಮಕ್ಕ ಸೈಕಲ್ ಕಟ್ಟಿಕೊಂಡಾಳ" ಅಂತ ನಮ್ಮಪ್ಪ ನಗುತ್ತಿದ್ದ. ಸೀರೆಗೆ ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದು, ಹ್ಯಾಂಡಲ್ಲಿಗೆ ತಾಮ್ರದ ತಂಬಿಗೆ ನೇತುಹಾಕಿಕೊಂಡು ಆಕಿ ಹೊರಟರೆ ಟ್ರಾಫಿಕ್ ಪೊಲೀಸನೂ ಕೈ ಇಳಿಸಿ ದಾರಿ ಬಿಡುತ್ತಿದ್ದ. ಆತನ ಹೆಂಡತಿಗೂ ಅತ್ತಿಯೇ ಮಗ್ಗಿ ಕಲಿಸಿದ್ದಳಲ್ಲ!

ಹಂಗಾರೆ ಗಾಳಿ ಯಾಕೆ ಬಿಡುತ್ತಿದ್ದಳು? ತಲೆ ಕೆಟ್ಟಿತ್ತೇ? ಇಲ್ಲ. ಅದಕ್ಕೆ ಕಾರಣ ಖಾಸಿಂಬಿ. ನಾವೆಲ್ಲ ಆಕೆಯನ್ನು ಖಾಲಾ ಅಂತಿದ್ದೆವು. ಗಂಡ ತೀರಿಕೊಂಡ ಮೇಲೆ ಆತನ ಸೈಕಲ್ ಶಾಪನ್ನು ತಾನೇ ನಡೆಸಿದ ಗಟ್ಟಿಗಿತ್ತಿ. ಅತ್ತಿಗೆ ಸೈಕಲ್ ಕಲಿಸಿದವಳೂ ಆಕೆಯೇ. ಅತ್ತಿ ಬಿದ್ದದ್ದು ಎಷ್ಟು ಸಲ ಅಂತ ಆಕೆಯನ್ನು ಕೇಳಿದರೆ, "ಟೀಚರ್ ಬಿದ್ದಿಲ್ಲಪ್ಪ, ನೆಲಾನ ಮ್ಯಾಲೆ ಬಂದೈತಿ" ಅನ್ನುತ್ತಿದ್ದಳು.

ಮೈನಿಂಗ್ ಜೋರಾಗಿದ್ದ ಕಾಲ ಅದು. ಖಾಲಾನ ಅಂಗಡಿ ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಒರೆಸಿದ ಸೀಟು ಮಧ್ಯಾಹ್ನಕ್ಕೆ ಕೆಂಪಗೆ ಆಗುತ್ತಿತ್ತು. ಅಂಗಡಿಯ ಗಿಣಿಯೂ ಕೆಂಪಗಾಗಿತ್ತು ಅಂದರೆ ನೀವು ನಂಬುವುದಿಲ್ಲ, ಬಿಡ್ರಿ. ಅಂಥ ಧೂಳಿನಲ್ಲಿ ಕೂತು ಕೂತು ಖಾಲಾನ ಎದೆ ಕೆಟ್ಟಿತು. ಪುಪ್ಪುಸ ಅರ್ಧಕ್ಕರ್ಧ ಹೋಗಿದೆ ಅಂದರು ಡಾಕ್ಟರು. ಹತ್ತು ಹೆಜ್ಜೆ ನಡೆದರೆ ಏದುಸಿರು. ಆದರೆ "ನನಗ ಸುಸ್ತಾಗೇತಿ, ನಿಲ್ರಿ" ಅನ್ನುವ ಮಾತು ಆ ಬಾಯಿಂದ ಬರಬೇಕಲ್ಲ! ಬಂದರೆ ಮಾನ ಹೋದಂತೆ. ಅದಕ್ಕೇ ನಮ್ಮ ಅತ್ತಿ ಖಾಲಾನ ಉಸಿರಿನ ಸದ್ದು ಕೇಳಿಸಿಕೊಳ್ಳುತ್ತ ಸೈಕಲ್ ತುಳಿಯುತ್ತಿದ್ದಳು. ಸದ್ದು ಹೆಚ್ಚಾದ ಕೂಡಲೇ ಇಳಿದು, ಬಗ್ಗಿ, ಚಕ್ರದ ವಾಲ್ ತಿರುವಿ ಗಾಳಿ ಬಿಟ್ಟು, "ಅಯ್ಯ ರಾಯರೇ! ಮತ್ತ ಪಂಚರ್ ಆತಲ್ಲೇ ಖಾಸಿಂಬಿ!" ಅಂತ ಹಣೆ ಬಡಿದುಕೊಳ್ಳುತ್ತಿದ್ದಳು. ಖಾಲಾ ಕೂತು ರಿಪೇರಿ ಮಾಡುತ್ತಿದ್ದಳು. ಅಷ್ಟು ಹೊತ್ತು ಆಕೆಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಇಷ್ಟೇ ಕಥೆ.

ವರ್ಷಕ್ಕೊಂದು ಸಲ ಚಿತ್ತಿ ಮಳೆಯ ಹೊತ್ತಿಗೆ ಅತ್ತಿಯ ಸೈಕಲ್ ದಂಡು ಬಳ್ಳಾರಿಯಿಂದ ಹೊರಟು, ಕೊಳಗಲ್ಲು, ಕುರುಗೋಡು, ಸಿರುಗುಪ್ಪ ದಾಟಿ, ಕೆಂಚನಗುಡ್ಡದ ಹತ್ತಿರ ತುಂಗಭದ್ರೆಗೆ ಕಾಲು ತೊಳೆದು ಬರುತ್ತಿತ್ತು. ಗುಡುಗು ಸಿಡಿಲಿನ ಕಾಲದಲ್ಲೇ ಯಾಕೆ ಅಂತ ಎಲ್ಲರೂ ಕೇಳುವವರೇ. "ಬ್ಯಾಸಿಗ್ಯಾಗ ಈ ಬಯಲಾಗ ಸೈಕಲ್ ಹೊಡದ್ರ ಸಂಡಿಗಿ ಆಗ್ತೀರಿ" ಅನ್ನುತ್ತಿದ್ದಳು ಅತ್ತಿ. ನಿಜವಾದ ಕಾರಣ ಬೇರೆ. ಮಳೆ ಬಿದ್ದರೆ ಧೂಳು ಕೂರುತ್ತದೆ, ಖಾಲಾ ನಾಲ್ಕು ಉಸಿರು ಹೆಚ್ಚಿಗೆ ಎಳೆದುಕೊಳ್ಳುತ್ತಾಳೆ.

ಮೊದಲು ದಂಡಿನಲ್ಲಿ ಒಂಬತ್ತು ಮಂದಿ ಇದ್ದರು. ಮೈನಿಂಗ್ ಶುರುವಾದ ಮೇಲೆ ಒಬ್ಬೊಬ್ಬರೇ ಸೈಕಲ್ಲಿನಿಂದ ಇಳಿದು ಕಾರು ಹತ್ತಿದರು. ಒಬ್ಬ ಲಾರಿ ತೆಗೆದ, ಇನ್ನೊಬ್ಬ ಕಾಂಟ್ರಾಕ್ಟರ್ ಆದ, ಮೂರನೆಯವನು ಏನಾದ ಅಂತ ಅವನಿಗೇ ಗೊತ್ತಿರಲಿಲ್ಲ, ಆದರೆ ಕೊರಳಲ್ಲಿ ಹಗ್ಗದಂಥ ಬಂಗಾರದ ಚೈನು ಬಂತು. ಒಮ್ಮೆ ಅದೇ ಚೈನಿನ ಮನುಷ್ಯ ನಮ್ಮ ಪಕ್ಕ ದೊಡ್ಡ ಕಾರು ನಿಲ್ಲಿಸಿ, ಕರೀ ಗಾಜು ಇಳಿಸಿ, "ಟೀಚರಮ್ಮ, ಬರ್ರಿ, ಬಿಟ್ಟು ಬರ್ತೀನಿ. ಏಸಿ ಐತಿ" ಅಂದ.

ಅತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಇಳಿದು ಅದನ್ನ ತಳ್ಳಿಕೋತ ಬರ್ತೀನಂದ್ರ ಹತ್ತತೀನಿ. ನಿನ್ನ ಹೊಟ್ಟಿಗರ ಚಲೋ ಆಗ್ತೈತಿ!"

ಗಾಜು ಮೇಲಕ್ಕೆ ಹೋಯಿತು. ಅದಿರಿನ ಲಾರಿಗಳ ಮೇಲಂತೂ ಆಕಿಗೆ ಇನ್ನೂ ಸಿಟ್ಟು. "ನಡಕೊಂತ ಸಾಯ್ತೀನಿ, ಆದ್ರ ಅದಿರಿನ ಲಾರಿ ಮಾತ್ರ ಹತ್ತಂಗಿಲ್ಲ" ಅಂತ ನನ್ನ ಮುಂದೆಯೇ ಸಾರುತ್ತಿದ್ದಳು. ನಾನು ಆಗ ಲಾರಿ ಆಫೀಸಿನಲ್ಲಿ ಗುಮಾಸ್ತ. ಖಾಲಾನ ಒಬ್ಬನೇ ಮಗ ಅದಿರಿನ ಲಾರಿಯ ಡ್ರೈವರ್. ನಾವಿಬ್ಬರೂ ತಲೆ ತಗ್ಗಿಸುತ್ತಿದ್ದೆವು.

ಕೊನೆಗೆ ಉಳಿದದ್ದು ನಾಲ್ಕು ಮಂದಿ: ಅತ್ತಿ, ಖಾಲಾ, ರಿಟೈರ್ಡ್ ಪೋಸ್ಟ್‌ಮನ್ ಈರಣ್ಣ, ನಾನು. ಈರಣ್ಣ ದೇವರಂಥ ಮನುಷ್ಯ, ಯಾರು ಏನು ಹೇಳಿದರೂ ನಂಬುವವನು. ಅತ್ತಿಯ ಚಕ್ರ ಪದೇ ಪದೇ ಪಂಚರ್ ಆಗುವುದು ನೋಡಿ ಆತ ಮರುಗುತ್ತಿದ್ದ. ಒಂದು ವರ್ಷ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ತಂದು ಅತ್ತಿಯ ಹಿಂದಿನ ಚಕ್ರಕ್ಕೆ ಕಟ್ಟಿದ. "ಟೀಚರಮ್ಮ, ಯಾರದೋ ಕೆಟ್ಟ ದೃಷ್ಟಿ ತಗಲೈತಿ. ಇನ್ನ ನೋಡ್ರಿ, ಪಂಚರ್ ಹೆಂಗ ಆಗ್ತೈತೋ!" ಅಂದ. ಆತನ ಮನಸ್ಸು ನೋಯಿಸಬಾರದು ಅಂತ ಅತ್ತಿ ಆ ದಿನ ಕೊಳಗಲ್ಲಿನವರೆಗೆ ತಡೆದಳು. ಆಮೇಲೆ ಮುಂದಿನ ಚಕ್ರದ ಗಾಳಿ ಬಿಟ್ಟಳು!

ಅವತ್ತೇ ನಾನು ಆಕಿಯನ್ನು ಹಿಡಿದದ್ದು. ಒಗ್ಗರಣಿ-ಮಿರ್ಚಿ ಹೋಟೆಲಿನ ಹಿಂದೆ ಕೈ ತೊಳೆಯಲು ಹೋದರೆ, ಈಕಿ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಬುಸ್ಸೆಂದು ಗಾಳಿ ಬಿಡುತ್ತಿದ್ದಾಳೆ! ನನ್ನ ಕಿವಿ ಹಿಡಿದು ಮೂಲೆಗೆ ಎಳೆದು, ಇರುವುದನ್ನೆಲ್ಲ ಹೇಳಿ, "ಖಾಸಿಂಬಿ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು, ನಿನ್ನ ಮಾರಿ ನೋಡಂಗಿಲ್ಲ" ಅಂದಳು. ನನಗೆ ಆಗ ಮೂವತ್ತು ವರ್ಷ. ಕಿವಿ ಎರಡು ದಿನ ಉರಿಯಿತು.

ಆ ಕಡೆ ಖಾಲಾ ರಿಪೇರಿ ಮಾಡುವ ಚಂದ ನೋಡಬೇಕಿತ್ತು. ಹೋಟೆಲಿನವನಿಂದ ಬೋಗುಣಿಯಲ್ಲಿ ನೀರು ಕೇಳಿ ಪಡೆದು, ಟ್ಯೂಬನ್ನು ಇಂಚಿಂಚಾಗಿ ಅದ್ದಿ, ಗುಳ್ಳೆ ಏಳುತ್ತದೋ ಅಂತ ಕಣ್ಣು ಕಿರಿದು ಮಾಡಿ ನೋಡುವಳು. ಒಂದು ಸುತ್ತು, ಎರಡು ಸುತ್ತು. ಕೊನೆಗೆ "ಸಿಕ್ತು ಕಳ್ಳ!" ಅನ್ನುವಳು. ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ, ಪ್ಯಾಚ್ ಕೂರಿಸಿ, ಮೇಲೆ ಕಲ್ಲಿನಿಂದ ಮೆಲ್ಲಗೆ ಬಡಿಯುವಳು. ತೂತೇ ಇಲ್ಲದ ಟ್ಯೂಬಿನಲ್ಲಿ ಈಕೆಗೆ ತೂತು ಹೇಗೆ ಸಿಗುತ್ತದೆ ಅಂತ ಒಂದು ದಿನವಾದರೂ ನನ್ನ ತಲೆಗೆ ಹೊಳೆಯಬೇಕೋ ಬೇಡವೋ? ಹೊಳೆಯಲಿಲ್ಲ. ವಯಸ್ಸಾಯಿತು, ಕಣ್ಣು ಮಂಜು, ಏನೋ ಒಂದು ಕಂಡಿರಬೇಕು ಅಂದುಕೊಂಡೆ. ಲೆಕ್ಕದ ಟೀಚರಾಗಿದ್ದ ಅತ್ತಿಗೂ ಹೊಳೆಯಲಿಲ್ಲ!

ಆ ಕೊನೆಯ ವರ್ಷ ಡಾಕ್ಟರು ಖಾಲಾಗೆ ಸೈಕಲ್ ಮುಟ್ಟಲೇಬಾರದು ಅಂದಿದ್ದರು. ಮುಂದಿನ ಚಿತ್ತಿ ಮಳೆಯ ಮಾತು ಆಡಬೇಡಿ ಅಂತಲೂ ಮಗನಿಗೆ ಹೇಳಿದ್ದರು. ಹೊರಡುವ ದಿನ ಬೆಳಿಗ್ಗೆ ಆತ ಬಾಗಿಲಿಗೆ ಅಡ್ಡ ನಿಂತ. "ಟೀಚರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಅಮ್ಮೀನ ಕರಕೊಂಡು ಹೋಗಬ್ಯಾಡ್ರಿ. ಏನರ ಆದ್ರ ನಾ ಏನ್ ಮಾಡ್ಲಿ?"

ಒಳಗಿಂದ ಖಾಲಾನೇ ಬಂದಳು. "ಬೇಟಾ, ಹಾಸಿಗಿ ಮ್ಯಾಲೆ ಆಗೂದು ರಸ್ತೆ ಮ್ಯಾಲೆ ಆಗ್ಲಿ ಬಿಡು. ಒಂದು ಸಲ ಹೊಳಿ ನೋಡ್ಕೊಂಡು ಬರ್ತೀನಿ. ಒಂದೇ ಸಲ." ಮಗ ಪಕ್ಕಕ್ಕೆ ಸರಿದ. ಆತನ ಮುಖ ನೋಡಲು ನನಗೆ ಆಗಲಿಲ್ಲ.

ಅವತ್ತು ಅತ್ತಿಯ ಸೈಕಲ್ಲಿಗೆ ಕುರುಗೋಡು ಮುಟ್ಟುವಷ್ಟರಲ್ಲಿ ಆರು ಪಂಚರ್. ಈರಣ್ಣ ಆ ಟೈರು ಮಾಡಿದವರ ವಂಶವನ್ನೆಲ್ಲ ಬೈದ. ಕುರುಗೋಡಿನ ಗುಡ್ಡ ಬೆನ್ನ ಹಿಂದೆ ಆದ ಮೇಲೆ ಬರೀ ಬಯಲು. ಎರೆಹೊಲ, ಹತ್ತಿಗಿಡ, ಜೋಳ, ಮತ್ತೆ ಎರೆಹೊಲ. ನೆರಳಿಗೆ ಒಂದು ಮರ ಬೇಕಂದರೆ ಕಣ್ಣಿಗೆ ದುರ್ಬೀನು ಹಚ್ಚಬೇಕು. ಪಡುವಣಕ್ಕೆ ಮೋಡ ಕಪ್ಪಗೆ ಕಟ್ಟಿತ್ತು. ಎದುರುಗಾಳಿ ಎದ್ದಿತು ನೋಡ್ರಿ, ತುಳಿದರೂ ಸೈಕಲ್ ಹಿಂದಕ್ಕೇ ಹೋಗುವಂತಿತ್ತು! ಈರಣ್ಣನ ಟೊಪ್ಪಿಗೆ ಹಾರಿ ಯಾರದೋ ಹತ್ತಿ ಹೊಲದ ಪಾಲಾಯಿತು. ಖಾಲಾನ ತುಟಿ ನೀಲಿಯಾದದ್ದು ನಾನು ನೋಡಿದೆ. ಅತ್ತಿಯೂ ನೋಡಿದಳು.

ಇಳಿದಳು, ಬಗ್ಗಿದಳು, ವಾಲ್ ತಿರುವಿದಳು. ಅದೇ ಹೊತ್ತಿಗೆ ಒಂದು ಬಿರುಗಾಳಿ ಬೀಸಿ, ಆಕಿಯ ಸೆರಗು ಮುಖಕ್ಕೆ ಬಡಿದು, ಕೈಯಲ್ಲಿದ್ದ ವಾಲ್ ಪಿನ್ನು ಜಾರಿ ಎರೆಮಣ್ಣಿನಲ್ಲಿ ಬಿತ್ತು. ಹಿಂದೆಯೇ ಮಳೆ! ಮೊದಲ ಹನಿಗಳು ಗಾಳಿಯ ಧೂಳನ್ನೆಲ್ಲ ತೊಳೆದು ಕೆಂಪಗೆ ಬಿದ್ದವು, ನನ್ನ ಬಿಳೀ ಅಂಗಿ ಹೋಳಿ ಆಡಿದಂತಾಯಿತು. ಆಮೇಲೆ ಆಲಿಕಲ್ಲು.

ರಸ್ತೆ ಕೆಲಸದವರು ಬಿಟ್ಟುಹೋದ ತಗಡಿನ ಶೆಡ್ಡೊಂದು ಸ್ವಲ್ಪ ಮುಂದೆ ಇತ್ತು. ಸೈಕಲ್ ತಳ್ಳೋಣ ಅಂದರೆ ಎರೆಮಣ್ಣು ಮಡ್‌ಗಾರ್ಡಿನ ಒಳಗೆ ತುಂಬಿಕೊಂಡು ಚಕ್ರ ತಿರುಗಲೊಲ್ಲವು. ಇಷ್ಟು ವರ್ಷ ನಮ್ಮನ್ನು ಹೊತ್ತ ಸೈಕಲ್ಲುಗಳನ್ನು ಅವತ್ತು ನಾವು ಹೆಗಲ ಮೇಲೆ ಹೊತ್ತೆವು. ನಾನೂ ಈರಣ್ಣನೂ ಎರಡೆರಡು. ಅತ್ತಿ ಖಾಲಾನ ಸೊಂಟ ಬಳಸಿ ಹಿಡಿದು ನಡೆಸಿಕೊಂಡು ಬಂದಳು. ಅವಳನ್ನು ಒಳಗೆ ಕೂರಿಸಿ ತಿರುಗಿ ಮಳೆಗೆ ಇಳಿದಳು!

"ಟೀಚರಮ್ಮ, ಎಲ್ಲಿಗ್ರಿ?" ಈರಣ್ಣ ಕೂಗಿದ.

"ನನ್ನ ಬೆಂಡೋಲಿ ಬಿದ್ದೈತಿ! ಬಂಗಾರದ್ದು!"

ವಾಲ್ ಪಿನ್ನು ಬಿದ್ದಿದೆ ಅಂತ ಹೇಳುವ ಹಾಗಿಲ್ಲವಲ್ಲ, ಅದಕ್ಕೇ ಈ ಸುಳ್ಳು. ಪಾಪ, ಈರಣ್ಣ ಓಡಿದ. ಆಲಿಕಲ್ಲಿನ ಏಟು ತಿನ್ನುತ್ತ ಇಬ್ಬರೂ ಕೆಸರಿನಲ್ಲಿ ಬಗ್ಗಿ ಹುಡುಕತೊಡಗಿದರು. ಇಲ್ಲಿ ಶೆಡ್ಡಿನಿಂದ ನಮಗೆ ಚೆನ್ನಾಗಿ ಕಾಣುತ್ತಿತ್ತು: ಅತ್ತಿಯ ಎರಡೂ ಕಿವಿಯಲ್ಲಿ ಎರಡೂ ಬೆಂಡೋಲಿ!

ಖಾಲಾ ನಗಲು ಶುರು ಮಾಡಿದಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೊಲ್ಲದು. ನಾನು ಬೆನ್ನು ನೀವಿದೆ. ಕೈಗೆ ಬರೀ ಎಲುಬೇ ಸಿಕ್ಕಿತು. ತಡೆದುಕೊಂಡ ಮೇಲೆ ಆಕೆ ಸೊಂಟದ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದಳು. ಒಳಗೆ ಹೊಸ ವಾಲ್ ಪಿನ್ನುಗಳು, ಒಂದು ಹಿಡಿ.

"ನಿಮ್ಮ ಅತ್ತಿ ಎಂದರ ಒಂದಿನ ಕಳೀತಾಳ ಅಂತ ನಂಗ ಗೊತ್ತಿತ್ತು ಬೇಟಾ. ವರ್ಷಾ ವರ್ಷಾ ತರ್ತೀನಿ."

"ಖಾಲಾ, ಅಂದ್ರ ನಿಮಗ..."

"ಅರೇ, ನಾ ಸೈಕಲ್ ಶಾಪ್‌ನ್ಯಾಕಿ! ಪಂಚರ್ ಆದ ಗಾಳಿ ಯಾವ್ದು, ಬಿಟ್ಟ ಗಾಳಿ ಯಾವ್ದು ಗೊತ್ತಾಗಂಗಿಲ್ಲೇನೋ? ಮೊದಲ್ನೇ ದಿನಾನ ಗೊತ್ತಾತು."

"ಮತ್ತ ಆ ಪ್ಯಾಚು?"

"ಹಾಕಬೇಕಲ್ಲೋ. ಇಲ್ಲಂದ್ರ ಪಂಚರ್ ಅಲ್ಲ ಅಂತ ನನಗ ತಿಳದೈತಿ ಅಂತ ಆಕಿಗೆ ತಿಳೀತೈತಿ. ತಿಳದ್ರ ನಾಚಿಕಿ ಬರ್ತೈತಿ, ಮತ್ತ ಗಾಳಿ ಬಿಡಂಗಿಲ್ಲ. ಆಮ್ಯಾಲೆ ನಾ ದಣಿದ್ರ ಬಾಯಿ ಬಿಟ್ಟು ಹೇಳಬೇಕು. ಹೇಳಿದ್ರ ನನ್ನ ಕರಕೊಂಡು ಬರಂಗಿಲ್ಲ." ನಾಲ್ಕು ಉಸಿರು ಎಳೆದುಕೊಂಡಳು. "ಒಬ್ಬಾಕಿ ನನ್ನ ಸಲುವಾಗಿ ಊರ ಮುಂದೆಲ್ಲ ನಗೆಪಾಟಲು ಆಗ್ಯಾಳ. ನಮ್ಮವ್ವ ಇದ್ರೂ ಇಷ್ಟು ಮಾಡ್ತಿರಲಿಲ್ಲ. ಆಕಿಗೆ ಹೇಳಬ್ಯಾಡ. ನನ್ನ ಆಣಿ ಹಾಕು."

ಹಾಕಿದೆ. ಈಗ ನೋಡ್ರಿ ನನ್ನ ಅವಸ್ಥೆ! ಆಕಿಯ ಗುಟ್ಟು ಈಕೆಗೆ ಹೇಳುವ ಹಾಗಿಲ್ಲ, ಈಕೆಯ ಗುಟ್ಟು ಆಕಿಗೆ ಹೇಳುವ ಹಾಗಿಲ್ಲ. ಆಫೀಸಿನಲ್ಲಿ ಒಂದು ಲಾರಿ ಕೆಟ್ಟರೆ ಸಂಜೆಯೊಳಗೆ ಊರಿಗೆಲ್ಲ ಹೇಳಿ ಬರುವವನು ನಾನು. ಹೊಟ್ಟೆ ಉಬ್ಬಿ ಸಾಯುತ್ತೇನೆ ಅನ್ನಿಸಿತು.

ಮೈಯೆಲ್ಲ ಕೆಸರಾಗಿ, ಬರಿಗೈಯಲ್ಲಿ ಅತ್ತಿ ಬಂದಳು. ಖಾಲಾ ಚಕ್ರದ ಕಡೆ ನೋಡಿ, "ಟೀಚರ್, ನಿನ್ನ ವಾಲ್ ಪಿನ್ನು ಸಡಿಲಾಗಿ ಎಲ್ಲೋ ಉದುರೈತಿ ನೋಡು. ಹಳೇ ಮಾಲು, ಯಾರೇನ್ ಮಾಡ್ಯಾರು" ಅಂತ ಹೊಸದು ಕೂರಿಸಿದಳು. ಅತ್ತಿಯ ಮುಖದಲ್ಲಿ ಜೀವ ಬಂತು. ಈರಣ್ಣ ಮಾತ್ರ ಆಕಿಯ ಕಿವಿಯನ್ನೇ ನೋಡುತ್ತ ನಿಂತಿದ್ದ. "ಟೀಚರಮ್ಮ, ನಿಮಗ ಬೆಂಡೋಲಿ ಮೂರು ಇದ್ವೇನ್ರಿ?" ಅಂತ ಕೇಳಿದ.

ಮಳೆ ನಿಂತ ಮೇಲೆ ಚಕ್ರದ ಕೆಸರು ಕೆರೆದು, ನಿಂತು ನಿಂತು ಸಾಗಿ, ಆ ರಾತ್ರಿ ಸಿರುಗುಪ್ಪದಲ್ಲಿ ಈರಣ್ಣನ ತಂಗಿಯ ಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಹಸಿರು ಭತ್ತದ ಗದ್ದೆಗಳ ನಡುವೆ, ಸೈಕಲ್ ಹತ್ತದೆ, ತಳ್ಳಿಕೊಂಡೇ ಕೆಂಚನಗುಡ್ಡ ಸೇರಿದೆವು. ಹೊಳೆ ತುಂಬಿತ್ತು. ಇಬ್ಬರೂ ಕಲ್ಲಿನ ಮೇಲೆ ಕೂತು ನೀರಿಗೆ ಕಾಲು ಬಿಟ್ಟರು. ಅತ್ತಿ ನೀರು ಎಷ್ಟು ಆಳ, ಎಷ್ಟು ಅಗಲ, ಸೆಕೆಂಡಿಗೆ ಎಷ್ಟು ಹರಿಯುತ್ತದೆ ಅಂತ ಬಾಯಿಲೆಕ್ಕ ಮಾಡುತ್ತಿದ್ದಳು. ಖಾಲಾ ಆಕಿಯ ಹೆಗಲಿಗೆ ತಲೆ ಇಟ್ಟಾಗ ಲೆಕ್ಕ ನಿಂತಿತು.

ಹಿಂದಕ್ಕೆ ಸೈಕಲ್ಲಿನಲ್ಲಿ ಬರುವ ಮಾತೇ ಇರಲಿಲ್ಲ. ನಾನು ಫೋನ್ ಮಾಡಿದೆ, ಖಾಲಾನ ಮಗ ಲಾರಿ ತಂದ, ಕೆಂಪು ಧೂಳು ಮೆತ್ತಿದ ಅದೇ ಅದಿರಿನ ಲಾರಿ. ಎಲ್ಲರೂ ಅತ್ತಿಯ ಮುಖ ನೋಡಿದೆವು. ಆಕಿ ತಾನೇ ಮೊದಲು ಹತ್ತಿ ಕೂತು, ಕೈ ಚಾಚಿ ಖಾಲಾನನ್ನು ಮೇಲಕ್ಕೆ ಎಳೆದುಕೊಂಡಳು. ಬಳ್ಳಾರಿ ಬರುವ ತನಕ ಆ ಕೈ ಬಿಡಲಿಲ್ಲ.

ಸಂಕ್ರಾಂತಿಗೆ ಇನ್ನೂ ಒಂದು ವಾರ ಇರುವಾಗ ಖಾಲಾ ಹೋದಳು.

ಅತ್ತಿ ಅಳಲಿಲ್ಲ. ನಾನು ಕಾಯುತ್ತಿದ್ದೆ, ನಮ್ಮಪ್ಪ ಕಾಯುತ್ತಿದ್ದ. ಇಲ್ಲ. ಎದ್ದಳು, ಮಡಿ ಉಟ್ಟಳು, ಪೂಜೆ ಮಾಡಿದಳು, ಉಂಡಂತೆ ಮಾಡಿ ಎದ್ದಳು. ಯಾರನ್ನೂ ಬೈಯಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ಹೆಚ್ಚಿಗೆ ಹೆದರಿಸುವ ಸಂಗತಿ ಇನ್ನೊಂದಿಲ್ಲ. ನಲವತ್ತನೆಯ ದಿನದ ಫಾತೇಹಾ ಪ್ರಾರ್ಥನೆಗೆ ಖಾಲಾನ ಮಗ ಕರೆದಿದ್ದ. ಹೋಗಿ, ಒಂದು ಮೂಲೆಯಲ್ಲಿ ಕೂತು, ಮಧ್ಯಾಹ್ನ ತಿರುಗಿ ಬಂದೆವು. ಅತ್ತಿ ತನ್ನ ಕೋಣೆಯ ಮೆಟ್ಟಿಲ ಮೇಲೆ ಕೂತಳು. ನಾನೂ ಕೂತೆ.

"ಒಂದು ತಪ್ಪು ಮಾಡಿದೆ ನೋಡಲೇ" ಅಂದಳು. "ಒಂದಿನಾನೂ ಆಕಿಗೆ ಹೇಳಲಿಲ್ಲ. ಈ ಟೀಚರಿಗೆ ಒಂದು ಟೈರ್ ನೆಟ್ಟಗ ಇಟ್ಕೊಳ್ಳಾಕ ಬರಂಗಿಲ್ಲ, ಎಲ್ಲಾ ನಾನೇ ಮಾಡಬೇಕು ಅಂತ ತಿಳಕೊಂಡೇ ಹೋದ್ಲು. ಅಷ್ಟು ದಣಿವಿನಾಗ ನನ್ನ ಸೈಕಲ್ ರಿಪೇರಿ ಮಾಡ್ಕೋತ ಕೂತ್ಲು ಪಾಪ. ನಾ ಆಕಿ ಸಲುವಾಗಿ ಏನರ ಮಾಡಿದೆ ಅಂತ ಆಕಿಗೆ ಗೊತ್ತಾಗಲೇ ಇಲ್ಲ. ನನಗ ಆಕಿ ಅಂದ್ರ ಎಷ್ಟು ಜೀವ ಅಂತ ಹೇಳೇ ಇಲ್ಲಲೇ ನಾನು."

ಸತ್ತವರ ಮೇಲೆ ಇಟ್ಟ ಆಣೆ ಮುರಿದರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಆಗುವುದು ಆಗಲಿ ಅಂದುಕೊಂಡೆ.

"ಆಕಿಗೆ ಗೊತ್ತಿತ್ತು ಅತ್ತಿ."

"ಏನು?"

"ಎಲ್ಲಾ ಗೊತ್ತಿತ್ತು. ಮೊದಲ್ನೇ ದಿನದಿಂದ. ಶೆಡ್ಡಿನಾಗ ಆಕೀನ ನನಗ ಹೇಳಿದ್ಲು. ನಮ್ಮವ್ವ ಇದ್ರೂ ನನಗ ಇಷ್ಟು ಮಾಡ್ತಿರಲಿಲ್ಲ ಅಂದ್ಲು."

ಅತ್ತಿ ನನ್ನನ್ನೇ ನೋಡಿದಳು. ಲೆಕ್ಕ ತಪ್ಪಿದ ಹುಡುಗಿಯನ್ನು ನೋಡುವಂಥ ನೋಟ ಅಲ್ಲ, ಬೇರೆ. ಅರ್ಥ ಆಗಲು ಆಕಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು, ನಲವತ್ತು ದಿನದ್ದೂ ಒಮ್ಮೆಗೇ ಅತ್ತಳು. ನಮ್ಮಪ್ಪ ಮನೆಯ ಮುಂಭಾಗದಿಂದ ಓಡಿ ಬಂದು, ನೋಡಿ, ಸದ್ದಿಲ್ಲದೆ ಹಿಂದಕ್ಕೆ ಹೋದ.

ಅಳು ಸ್ವಲ್ಪ ತಗ್ಗಿದಾಗ ನನ್ನ ಮುಂಗೈ ಹಿಡಿದುಕೊಂಡಳು.

"ಆಕಿ ಏನಂದ್ಲು, ಇನ್ನೊಂದ್ ಸಲ ಹೇಳೋ."

ಹೇಳಿದೆ.